ಮಾರಾಟ ಅಷ್ಟಿದ್ದು ಜಿಡಿಪಿ ಇಷ್ಟೇನಾ? ಉಡುಪು, ಚರ್ಮದ ಉದ್ಯಮದ ಲೆಕ್ಕ

ಪ್ರಶ್ನೆ: ಮೇಡಂ, ಎಂ.ಎ. ಪ್ರಾಜೆಕ್ಟ್‌ಗೆ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಜವಳಿ ಉದ್ಯಮ ಆರಿಸಿಕೊಂಡಿದ್ದೇನೆ. ಅಲ್ಲಿನ ಜಿಡಿಪಿ ಲೆಕ್ಕ ಹಾಕುವ ಸರ್ಕಾರಿ ಸಂಸ್ಥೆ ಬ್ಯೂರೋ ಆಫ್ ಎಕನಾಮಿಕ್ ಅನಾಲಿಸಿಸ್ (ಬಿಇಎ) ಪಟ್ಟಿಯಲ್ಲಿ ‘ಉಡುಪು, ಚರ್ಮ ಮತ್ತು ಸಂಬಂಧಿತ ವಸ್ತುಗಳ ತಯಾರಿಕೆ’ ಅಂತ ಒಂದು ಸಾಲಿದೆ. ಅದರ ಜಿಡಿಪಿ ಅಂಕಿ, ಸೆನ್ಸಸ್ ಬ್ಯೂರೋ ಕೊಡುವ ಕಾರ್ಖಾನೆಗಳ ಮಾರಾಟದ ಅಂಕಿಗಿಂತ ತುಂಬಾ ಕಡಿಮೆ. ಯಾವುದನ್ನು ನಂಬಲಿ? ಅದೂ ಅಲ್ಲದೆ ಒಂದು ಕಡೆ ‘ಪ್ರಸ್ತುತ ಡಾಲರ್’, ಇನ್ನೊಂದು ಕಡೆ ‘2017ರ ಚೈನ್ಡ್ ಡಾಲರ್’ ಅಂತಿದೆ. ಯಾವುದು ಬಳಸಬೇಕು?

ಉತ್ತರ: ಎರಡೂ ಸರಿ, ಆದರೆ ಎರಡೂ ಅಳೆಯುವುದು ಬೇರೆ ಬೇರೆ. ಒಂದು ಕಾರ್ಖಾನೆ ಅಂಗಿಯನ್ನು 20 ಡಾಲರಿಗೆ ಮಾರುತ್ತದೆ ಅಂದುಕೊಳ್ಳಿ. ಬಟ್ಟೆ, ಗುಂಡಿ, ದಾರ, ಕರೆಂಟು, ಸಾಗಣೆ ಎಲ್ಲಾ ಸೇರಿ ಹೊರಗಿನವರಿಗೆ 12 ಡಾಲರ್ ಕೊಟ್ಟಿದೆ. ಉಳಿದ 8 ಡಾಲರ್ ಮಾತ್ರ ಆ ಕಾರ್ಖಾನೆಯ ಜಿಡಿಪಿ. ಮೌಲ್ಯವರ್ಧನೆ ಅನ್ನುವುದು ಇದಕ್ಕೇ. ಬಟ್ಟೆ ನೇಯ್ದ ಮಿಲ್ಲು ತನ್ನ ಪಾಲನ್ನು ಈಗಾಗಲೇ ತನ್ನ ಲೆಕ್ಕದಲ್ಲಿ ತೋರಿಸಿದೆ, ಅದನ್ನೇ ಇಲ್ಲಿ ಮತ್ತೆ ಎಣಿಸಿದರೆ ರಾಜ್ಯದ ಒಟ್ಟು ಲೆಕ್ಕ ಸುಮ್ನೆ ಊದಿಕೊಳ್ಳುತ್ತದೆ.

ಆ 8 ಡಾಲರ್‌ನಲ್ಲಿ ಮೂರು ಭಾಗ ಇವೆ: ಕೆಲಸಗಾರರ ಸಂಬಳ ಸವಲತ್ತು, ಸಬ್ಸಿಡಿ ಕಳೆದ ತೆರಿಗೆ, ಮತ್ತು ಮಿಕ್ಕಿದ್ದು. ಮಿಕ್ಕಿದ್ದು ಅಂದರೆ ಲಾಭ, ಯಂತ್ರಗಳ ಸವಕಳಿ ಇತ್ಯಾದಿ. ಸಂಬಳದ ಅಂಕಿ ಗಟ್ಟಿ, ಯಾಕೆಂದರೆ ಅದು ನಿರುದ್ಯೋಗ ವಿಮೆಗಾಗಿ ಮಾಲೀಕರು ಸಲ್ಲಿಸುವ ದಾಖಲೆಯಿಂದ ಬರುತ್ತದೆ. ಲಾಭದ ಕಥೆ ಹಾಗಲ್ಲ. ನಾಲ್ಕು ರಾಜ್ಯಗಳಲ್ಲಿ ಕಾರ್ಖಾನೆ ಇರುವ ಕಂಪನಿಯ ಲಾಭ ಯಾವ ರಾಜ್ಯದ್ದು ಅಂತ ಹೇಳುತ್ತೀರಿ? ಹಾಗಾಗಿ ದೇಶದ ಒಟ್ಟು ಅಂಕಿಯನ್ನು ರಾಜ್ಯಗಳಿಗೆ ಅಂದಾಜಿನಲ್ಲಿ ಹಂಚುತ್ತಾರೆ. ಇಂಥ ಸಣ್ಣ ಸಾಲಿನಲ್ಲಿ ಒಂದು ವರ್ಷದ 2-3 ಶೇಕಡಾ ಏರಿಳಿತ ನೋಡಿ ಪುಟಗಟ್ಟಲೆ ವಿಶ್ಲೇಷಣೆ ಬರೆಯಬೇಡಿ ಅನ್ನುವುದು ಅದಕ್ಕೇ.

ಡಾಲರ್ ವಿಷಯ ಸುಲಭ. ಪ್ರಸ್ತುತ ಡಾಲರ್ ಅಂದರೆ ಆಯಾ ವರ್ಷದ ಬೆಲೆಯಲ್ಲಿ ಹಾಕಿದ ಲೆಕ್ಕ, ಚೈನ್ಡ್ ಅಂದರೆ ಬೆಲೆ ಏರಿಕೆಯ ಪ್ರಭಾವ ತೆಗೆದ ಲೆಕ್ಕ. ಉತ್ಪಾದನೆ ನಿಜಕ್ಕೂ ಜಾಸ್ತಿ ಆಯಿತಾ ಅಂತ ನೋಡಲು ಚೈನ್ಡ್, ರಾಜ್ಯದ ಆರ್ಥಿಕತೆಯಲ್ಲಿ ಇದರ ಪಾಲೆಷ್ಟು ಅನ್ನಲು ಪ್ರಸ್ತುತ ಡಾಲರ್. ಚೈನ್ಡ್ ಅಂಕಿಗಳನ್ನು ಕೂಡಿಸಿದರೆ ಒಟ್ಟು ಮೊತ್ತ ತಾಳೆಯಾಗುವುದಿಲ್ಲ.

ಈಗ ನೀವು ಕೇಳದ, ಆದರೆ ಕೇಳಬೇಕಿದ್ದ ವಿಷಯ. ಈ ಸಾಲು ಉದ್ಯಮಗಳ ವರ್ಗೀಕರಣದ ಎರಡೇ ಸಂಕೇತ ಸಂಖ್ಯೆಗಳ ಗಂಟು: 315 ಉಡುಪು, 316 ಚರ್ಮ. ಇಲ್ಲಿ ತಮಾಷೆ ಇದೆ ನೋಡಿ. ಚರ್ಮದ ಜಾಕೆಟ್ 316ರಲ್ಲಿ ಅಲ್ಲ, 315ರಲ್ಲಿ. ರಬ್ಬರ್ ಬೂಟು ಚರ್ಮದ್ದಲ್ಲದಿದ್ದರೂ 316ರಲ್ಲಿ. ಟೀ ಶರ್ಟ್ ಮೇಲೆ ಚಿತ್ರ ಒತ್ತುವವರು ಮುದ್ರಣ ಉದ್ಯಮಕ್ಕೆ ಹೋಗುತ್ತಾರೆ. ಕಾಲುಚೀಲ ಹೆಣೆಯುವವರು ಇಲ್ಲೇ ಇದ್ದಾರೆ, ಆದರೆ ಬಟ್ಟೆ ನೇಯುವ ಮಿಲ್ಲು 313, ಹಾಸಿಗೆ ಹೊದಿಕೆ 314. ಗ್ರೀನ್ಸ್‌ಬರೊದ ವೈಟ್ ಓಕ್ ಡೆನಿಮ್ ಮಿಲ್ಲು 2017ರ ಕೊನೆಗೆ ಮುಚ್ಚಿತಲ್ಲ, ಅದರ ಪೆಟ್ಟನ್ನು ನಿಮ್ಮ ಸಾಲಿನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ, ಅಲ್ಲಿ ತಯಾರಾಗುತ್ತಿದ್ದದ್ದು ಬಟ್ಟೆ, ಪ್ಯಾಂಟಲ್ಲ.

ಇನ್ನೊಬ್ಬ ಸದಸ್ಯರು: ಮೇಡಂ, ಇಂಥ ಪಟ್ಟಿಗಳಲ್ಲಿ ಕೆಲವು ಕಡೆ ಅಂಕಿಯ ಬದಲು ‘ಡಿ’ ಅಂತ ಇರುತ್ತದೆ. ಸೊನ್ನೆ ಅಂತ ತೆಗೆದುಕೊಳ್ಳಬಹುದಾ? ಮತ್ತೆ 1994ರ ನಾಫ್ಟಾ (ಅಮೆರಿಕ, ಕೆನಡಾ, ಮೆಕ್ಸಿಕೊ ನಡುವಿನ ಮುಕ್ತ ವ್ಯಾಪಾರ) ಒಪ್ಪಂದದ ಪರಿಣಾಮ ತೋರಿಸಬೇಕು, 1980ರಿಂದ ಒಂದೇ ಗೆರೆ ಎಳೆಯಬಹುದಾ?

ಉತ್ತರ: ಸೊನ್ನೆ ಅಂತೂ ಅಲ್ಲವೇ ಅಲ್ಲ. ಒಂದೆರಡೇ ಕಂಪನಿ ಇರುವ ಕಡೆ ಅಂಕಿ ಕೊಟ್ಟರೆ ಅವರ ಗುಟ್ಟು ಬಯಲಾಗುತ್ತದೆ, ಅದಕ್ಕೆ ಮುಚ್ಚಿಡುತ್ತಾರೆ. ಮೇಲಿನ ಒಟ್ಟು ಮೊತ್ತದಲ್ಲಿ ಅದು ಸೇರಿರುತ್ತದೆ.

ಒಂದೇ ಗೆರೆ ಬೇಡ. 1997ರವರೆಗೆ ಹಳೆಯ ವರ್ಗೀಕರಣ, ಅಲ್ಲಿ ಉಡುಪು 23, ಚರ್ಮ 31. 1997ರಿಂದ ಹೊಸದು. ಎರಡನ್ನೂ ಜೋಡಿಸಬೇಡಿ ಅಂತ ಬಿಇಎ ತಾನೇ ಎಚ್ಚರಿಸುತ್ತದೆ. ನಾಫ್ಟಾಗೆ ಉದ್ಯೋಗದ ಅಂಕಿ ಒಳ್ಳೆಯದು: ಇಡೀ ದೇಶದಲ್ಲಿ ಉಡುಪು ತಯಾರಿಕೆಯಲ್ಲಿ 1990ರಲ್ಲಿ ಸುಮಾರು 9 ಲಕ್ಷ ಜನ ಇದ್ದರು, ಈಗ 1 ಲಕ್ಷವೂ ಇಲ್ಲ. ಆದರೆ ಆಪಾದನೆಯನ್ನೆಲ್ಲಾ ನಾಫ್ಟಾ ತಲೆಗೆ ಕಟ್ಟಬೇಡಿ. 2001ರಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆ ಸೇರಿತು, 2005ರ ಆರಂಭದಲ್ಲಿ ಜವಳಿ, ಉಡುಪಿನ ಆಮದಿಗೆ ಮಿತಿ ಹಾಕಿದ್ದ ಕೋಟಾಗಳು ಹೋದವು.

ಪ್ರಶ್ನೆ ಕೇಳಿದವರು: ಅಯ್ಯೋ, ಹಾಗಾದರೆ ‘ಜವಳಿ ಉದ್ಯಮದ ಕುಸಿತ’ ಅಂತ ನಾನು ಇಟ್ಟ ಹೆಸರೇ ತಪ್ಪಲ್ವಾ? ಗೈಡ್‌ಗೆ ಈಗಾಗಲೇ ಕೊಟ್ಟುಬಿಟ್ಟಿದ್ದೇನೆ.

ಉತ್ತರ: ಹೆಸರು ಹಾಗೇ ಇರಲಿ ಬಿಡಿ. 313-314ರ ಸಾಲನ್ನೂ ಪಕ್ಕಕ್ಕೆ ತಂದುಕೊಳ್ಳಿ, ಪಟ್ಟಿಯಲ್ಲಿ ಅದು ಬೇರೆ ಸಾಲಾಗಿ ಸಿಗುತ್ತದೆ. ಕೂಡಿಸುವುದಾದರೆ ಮಾತ್ರ ಪ್ರಸ್ತುತ ಡಾಲರ್‌ನಲ್ಲೇ ಕೂಡಿಸಿ.