ಲೌಟರ್‌ಬ್ರುನ್ನೆನ್‌ನಲ್ಲಿ ದಿನವಿಡೀ ಮಳೆ: ನಡೆದು ಏನೇನು ನೋಡಬಹುದು?

ಹೊಸದಾರಿ:
ಜೂನ್ ಮೊದಲ ವಾರ ಸ್ವಿಟ್ಜರ್‌ಲೆಂಡಿನ ಲೌಟರ್‌ಬ್ರುನ್ನೆನ್‌ನಲ್ಲಿ ಎರಡು ರಾತ್ರಿ ಇರುತ್ತೇವೆ. ಒಂದು ದಿನ ಪೂರ್ತಿ ಮಳೆ ಅಂತ ಮುನ್ಸೂಚನೆ ಇದೆ. ನಾವಿಬ್ಬರು, ಜೊತೆಗೆ 64 ವರ್ಷದ ಅಮ್ಮ. ಮೆಟ್ಟಿಲು ಇಳಿಯುವಾಗ ಅವರಿಗೆ ಮಂಡಿ ನೋವು. ರೈಲು, ಬಸ್ಸಿಗೆ ನಡೆಯುವ ಸ್ವಿಸ್ ಟ್ರಾವೆಲ್ ಪಾಸ್ ಇದೆ, ಊಟ ಸಸ್ಯಾಹಾರ. ಆ ದಿನ ಯುಂಗ್‌ಫ್ರಾಯೋಕ್‌ಗೆ (ಹಿಮಬೆಟ್ಟದ ಮೇಲಿನ ರೈಲು ನಿಲ್ದಾಣ) ಹೋಗೋದಾ, ಊರಲ್ಲೇ ಓಡಾಡೋದಾ?

ಕಣಿವೆಕಾಲ್ದಾರಿ:
ಯುಂಗ್‌ಫ್ರಾಯೋಕ್ ಬೇಡವೇ ಬೇಡ. ಅದು 3,454 ಮೀಟರ್ ಎತ್ತರದಲ್ಲಿದೆ. ಮಳೆ ದಿನ ಮೋಡದ ಒಳಗೇ ನಿಂತಿರುತ್ತೀರಿ, ಗಾಜಿನಾಚೆ ಬರೀ ಬಿಳುಪು. ಪಾಸ್ ಇದ್ದರೂ ಅಲ್ಲಿಗೆ ರಿಯಾಯಿತಿ ಅಷ್ಟೇ, ಉಚಿತವಲ್ಲ. ಆ ಹಣ ಬಿಸಿಲಿನ ದಿನಕ್ಕಿರಲಿ.

ಲೌಟರ್‌ಬ್ರುನ್ನೆನ್ ಸುಮಾರು 800 ಮೀಟರ್‌ನಲ್ಲಿದೆ, ಎರಡೂ ಕಡೆ ಗೋಡೆಯಂಥ ಬಂಡೆ. ಸಾಮಾನ್ಯವಾಗಿ ಮೋಡ ಬಂಡೆಯ ನಡುವಿಗೆ ಬಂದು ನಿಲ್ಲುತ್ತದೆ, ಅದರ ಕೆಳಗೆ ಎಲ್ಲ ಸ್ಪಷ್ಟ. ಬಿಸಿಲಲ್ಲಿ ಕಾಣದ ಸಣ್ಣ ಸಣ್ಣ ಝರಿಗಳು ಮಳೆಯಲ್ಲಿ ಬಂಡೆಯಂಚಿನಿಂದ ನೂಲು ಬಿಟ್ಟ ಹಾಗೆ ಇಳಿಯುತ್ತವೆ. ನನ್ನ ಮಟ್ಟಿಗೆ ಈ ಕಣಿವೆಗೆ ಮಳೆ ದಿನವೇ ಸರಿಯಾದ ದಿನ.

ಸ್ಟೇಷನ್ನಿಂದ ಮುಖ್ಯ ಬೀದಿ ಹಿಡಿದು ಚರ್ಚಿನ ಕಡೆ ನಡೆದರೆ 20 ನಿಮಿಷದೊಳಗೆ ಸ್ಟೌಬ್‌ಬಾಕ್ ಜಲಪಾತದ ಬುಡ ಸಿಗುತ್ತದೆ. ಎತ್ತರ 297 ಮೀಟರ್. ಜರ್ಮನ್‌ನಲ್ಲಿ ‘ಸ್ಟೌಬ್’ ಅಂದರೆ ದೂಳು. ನೀರು ನೆಲ ಮುಟ್ಟುವ ಮೊದಲೇ ಗಾಳಿಗೆ ದೂಳಾಗಿ ಹರಡುತ್ತದೆ, ಹಾಗಾಗಿ ಗಾಳಿ ನಿಮ್ಮತ್ತ ತಿರುಗಿದರೆ ಕೊಡೆ ಹಿಡಿದರೂ ನೆನೆಯುತ್ತೀರಿ. ಜಲಪಾತದ ಹಿಂದೆ ಬಂಡೆಯಲ್ಲಿರುವ ಗ್ಯಾಲರಿಗೆ ಏರುವ ದಾರಿ ಕಡಿದಾದದ್ದು, ಒದ್ದೆಯಾದರೆ ಜಾರುತ್ತದೆ. ಅಮ್ಮ ಕೆಳಗೇ ಇರಲಿ.

ಅಲ್ಲಿಂದ ಕಣಿವೆಯ ತಳದಲ್ಲಿ ಸಮತಟ್ಟಾದ ದಾರಿ. ಸುಮಾರು 3 ಕಿ.ಮೀ., ನಿಧಾನಕ್ಕೆ ಒಂದು ಗಂಟೆ ನಡೆದರೆ ಟ್ರುಮ್ಮೆಲ್‌ಬಾಕ್. ಐಗರ್, ಮ್ಯೋಂಕ್, ಯುಂಗ್‌ಫ್ರಾ ಈ ಮೂರು ಶಿಖರಗಳ ಹಿಮನದಿಗಳ ನೀರು ಬೆಟ್ಟದ ಒಳಗೆ ಹತ್ತು ಹಂತಗಳಲ್ಲಿ ಬೀಳುವ ಜಾಗ ಇದು. ಸೆಕೆಂಡಿಗೆ 20,000 ಲೀಟರ್‌ವರೆಗೆ ಹರಿಯುತ್ತದೆ, ಪಕ್ಕದವರ ಮಾತೂ ಕೇಳಿಸದು. ಟಿಕೆಟ್ ಬೇರೆ. ಚಳಿಗಾಲದಲ್ಲಿ ಮುಚ್ಚಿರುತ್ತದೆ, ಜೂನ್‌ನಲ್ಲಿ ತೊಂದರೆಯಿಲ್ಲ. ಸಾಕಾದರೆ 141ನೇ ನಂಬರಿನ ಬಸ್ ಅಲ್ಲೇ ನಿಲ್ಲುತ್ತದೆ, ಪಾಸ್ ನಡೆಯುತ್ತದೆ.

ಘಟ್ಟದಂಚು:
ಮೇಲಿನದಕ್ಕೆ ಒಂದು ಸೇರಿಸಬೇಕು. ಟ್ರುಮ್ಮೆಲ್‌ಬಾಕ್‌ನಲ್ಲಿ ಬೆಟ್ಟದೊಳಗೇ ಲಿಫ್ಟ್ ಇದೆ, ಆದರೆ ಅದು ಅರ್ಧ ಕೆಲಸ ಮಾತ್ರ ಮಾಡುತ್ತದೆ. ಮೇಲಿನ ಜಲಪಾತಗಳಿಗೆ ಮತ್ತೆ ಮೆಟ್ಟಿಲು ಹತ್ತಬೇಕು. ಬಹಳ ಜನ ಕೆಳಗಿನವನ್ನು ನೋಡುತ್ತಾ ಮೆಟ್ಟಿಲಲ್ಲೇ ಇಳಿಯುತ್ತಾರೆ, ಅದೂ ಸದಾ ಒದ್ದೆ. ಅಮ್ಮ ಲಿಫ್ಟಲ್ಲೇ ಇಳಿಯಲಿ.

ಬಟ್ಟೆಯ ವಿಷಯ ಹಗುರವಾಗಿ ತಗೋಬೇಡಿ. ನಮ್ಮ ಮಲೆನಾಡಿನ ಮಳೆಯಲ್ಲಿ ನೆಂದರೆ ಮನೆಗೆ ಬಂದು ತಲೆ ಒರೆಸಿಕೊಂಡರೆ ಆಯ್ತು. ಅಲ್ಲಿ ಜೂನ್‌ನಲ್ಲೂ ಮಳೆ ದಿನ ಹತ್ತು ಡಿಗ್ರಿ ಆಸುಪಾಸಿಗೆ ಇಳಿಯುವುದುಂಟು. ಒದ್ದೆ ಜೀನ್ಸ್, ಕಾಟನ್ ಬನಿಯನ್ ಮೈಗೆ ಅಂಟಿ ಶಾಖ ಎಳೆಯುತ್ತವೆ, ಅರ್ಧ ಗಂಟೆಯಲ್ಲಿ ನಡುಕ ಬರುತ್ತದೆ. ಒಳಗೆ ಉಣ್ಣೆ ಅಥವಾ ಪಾಲಿಯೆಸ್ಟರ್, ಮಧ್ಯೆ ಫ್ಲೀಸ್, ಮೇಲೆ ತಲೆ ಮುಚ್ಚುವ ಮಳೆ ಜಾಕೆಟ್. ಒಂದು ಜೊತೆ ಒಣ ಸಾಕ್ಸ್ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬ್ಯಾಗಿನಲ್ಲಿಡಿ. ಶೂ ತಳ ಸವೆದಿರಬಾರದು. ಒದ್ದೆ ಮರದ ಸೇತುವೆ, ಕಬ್ಬಿಣದ ಜಾಲರಿ, ಬೇರು, ಈ ಮೂರರ ಮೇಲೇ ಜನ ಜಾರಿ ಬೀಳೋದು.

ಹಳದಿ ಫಲಕದ ದಾರಿ ಬಿಡಬೇಡಿ. ಬಿಳಿ-ಕೆಂಪು-ಬಿಳಿ ಗುರುತು ಬೆಟ್ಟದ ದಾರಿಯದು, ಮಳೆಯಲ್ಲಿ ಬೇಡ. ಫೋಟೋಗಂತ ಹಳ್ಳದ ಕಲ್ಲುಗಳ ಮೇಲೆ ಇಳಿಯಲೇಬೇಡಿ. ಅಲ್ಲಿಂದ ಹೆಚ್ಚು ದೂರವಿಲ್ಲದ ಸಾಕ್ಸೆಟ್‌ಬಾಕ್ ಹಳ್ಳದಲ್ಲಿ 1999ರ ಜುಲೈ 27ರಂದು ಗುಡುಗು ಮಳೆಯ ನೀರು ಒಮ್ಮೆಲೇ ನುಗ್ಗಿ 21 ಜನ ಸತ್ತರು.

ಹೊಸದಾರಿ:
ಇಬ್ಬರಿಗೂ ಧನ್ಯವಾದ. ಮಧ್ಯಾಹ್ನ ಮಳೆ ಕಡಿಮೆಯಾದರೆ ಬೆಟ್ಟದ ಮೇಲಿನ ಮ್ಯೂರೆನ್ ಊರಿಗೆ ಹೋಗಬಹುದಾ? ಊಟ ಎಲ್ಲಿ ಸುಲಭ?

ಕಣಿವೆಕಾಲ್ದಾರಿ:
ಹೊರಡುವ ಮುಂಚೆ ಮ್ಯೂರೆನ್‌ನ ವೆಬ್‌ಕ್ಯಾಮ್ ನೋಡಿ. ಎದುರಿನ ಮನೆಗಳಾದರೂ ಕಂಡರೆ ಹೊರಡಿ. ಸ್ಟೇಷನ್ ಎದುರಿಂದ ಗ್ರೂಟ್ಶಾಲ್ಪ್‌ಗೆ ಕೇಬಲ್ ಕಾರ್, ಅಲ್ಲಿಂದ ಪುಟ್ಟ ರೈಲು, ಪಾಸ್ ಸಾಕು. ಮ್ಯೂರೆನ್ 1,638 ಮೀಟರ್, ಕೆಳಗಿಗಿಂತ ಸುಮಾರು 5 ಡಿಗ್ರಿ ಹೆಚ್ಚು ಚಳಿ.

ಊರೊಳಗೆ ಹೊರಗಿನವರ ಕಾರು ಬರುವಂತಿಲ್ಲ, ಬೀದಿ ನಡುವೆಯೇ ನಿಧಾನಕ್ಕೆ ನಡೆಯಿರಿ. ಮನೆಗಳ ಸೂರು ಗೋಡೆಯಿಂದ ಬಹಳ ಮುಂದಕ್ಕೆ ಚಾಚಿರುತ್ತದೆ. ಅದರಡಿ ಸೌದೆ ಒಟ್ಟಿರುವುದನ್ನು ಹತ್ತಿರದಿಂದ ನೋಡಿ: ಕಡಿದ ತುದಿಗಳೆಲ್ಲ ಹೊರಮುಖ, ಬೆರಳು ತೂರದಷ್ಟು ಒತ್ತಾಗಿ, ಕಿಟಕಿಯ ಚೌಕಟ್ಟಿಗೆ ಸರಿಯಾಗಿ ಕತ್ತರಿಸಿ ಕೂರಿಸಿದ ಹಾಗೆ. ಬಿಸಿಲು ಬೀಳುವ ಮಗ್ಗುಲಿನ ಮರ ಸುಟ್ಟಂತೆ ಕಪ್ಪಾಗಿರುತ್ತದೆ.

ಅಲ್ಲಿಂದ ಕೆಳಗಿನ ಗಿಮ್ಮೆಲ್‌ವಾಲ್ಡ್ ಹಳ್ಳಿಗೆ ಗಟ್ಟಿ ರಸ್ತೆ, 30-40 ನಿಮಿಷ. ಕೆಸರಿಲ್ಲ, ಆದರೆ 275 ಮೀಟರ್ ಇಳಿಜಾರು. ಮಂಡಿ ನೋವಿಗೆ ಇದೇ ಕಷ್ಟ. ನೀವು ನಡೆಯಿರಿ, ಅಮ್ಮ ಕೇಬಲ್ ಕಾರಿನಲ್ಲಿ ಬರಲಿ. ಕೊನೆಯ ಕೇಬಲ್ ಕಾರಿನ ಸಮಯ ಮೊದಲೇ ನೋಡಿಕೊಳ್ಳಿ.

ಘಟ್ಟದಂಚು:
ಊಟಕ್ಕೆ ರೋಸ್ಟಿ ಕೇಳಿ, ಆಲೂಗಡ್ಡೆ ತುರಿದು ಹುರಿದದ್ದು. ಜೊತೆಗೆ ‘ಓನೆ ಶ್ಪೆಕ್’ ಅನ್ನಿ, ಹಂದಿಮಾಂಸದ ಚೂರು ಬೇಡ ಅಂತ. ಬಾರ್ಲಿ ಸೂಪು ನೋಡಲು ಸಸ್ಯಾಹಾರದಂತೆ ಇದ್ದರೂ ಅದರಲ್ಲಿ ಮಾಂಸ ಇರುವುದೇ ಹೆಚ್ಚು. ತರಕಾರಿ ಸೂಪಿನ ಸಾರೂ ದನದ ಮೂಳೆಯದಾಗಿರಬಹುದು, ಕೇಳಿಯೇ ತಗೊಳ್ಳಿ.

ರೂಮಿಗೆ ಬಂದ ಮೇಲೆ ಶೂ ಹೀಟರ್ ಮೇಲಿಡಬೇಡಿ, ತಳದ ಅಂಟು ಬಿಟ್ಟುಕೊಳ್ಳುತ್ತದೆ. ಒಳಪದರ ತೆಗೆದು, ನ್ಯೂಸ್‌ಪೇಪರ್ ಉಂಡೆ ತುಂಬಿ, ಎರಡು ಗಂಟೆಗೊಮ್ಮೆ ಬದಲಿಸಿ. ಬೆಳಿಗ್ಗೆ ಹಾಕಿಕೊಳ್ಳುವಷ್ಟು ಒಣಗಿರುತ್ತದೆ.