ನವೋದಯ ಗಣಿತಕ್ಕೆ ಮೊಬೈಲ್ ಅಭ್ಯಾಸ ಸಾಕಾ? ಮಾಡಿಸಿದವರು ಹೇಳಿ

ಮೂಡಿಗೆರೆಯಿಂದ, ಪ್ರಶ್ನೆ: ಮಗಳು ಐದನೇ ಕ್ಲಾಸು, ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಆರನೇ ಕ್ಲಾಸಿಗೆ ಸೇರಿಸಲು ನವೋದಯ ಶಾಲೆಯ ಪ್ರವೇಶ ಪರೀಕ್ಷೆ ಬರೆಸಬೇಕು ಅಂತಿದ್ದೇವೆ. ಉಳಿದದ್ದು ಪರವಾಗಿಲ್ಲ, ಅಂಕಗಣಿತ ಅಂದರೆ ಹೆದರುತ್ತಾಳೆ. ಹತ್ತಿರದಲ್ಲಿ ಕೋಚಿಂಗ್ ಇಲ್ಲ. ಆನ್‌ಲೈನ್ ಅಭ್ಯಾಸ ಒಂದೇ ಸಾಕಾಗುತ್ತದಾ?

ಅರಸೀಕೆರೆಯಿಂದ: ನನ್ನ ಮಗ ಮಾವಿನಕೆರೆ ನವೋದಯದಲ್ಲಿ ಓದುತ್ತಿದ್ದಾನೆ (ನಿಮ್ಮ ಜಿಲ್ಲೆಗೆ ಬಾಳೆಹೊನ್ನೂರಿನ ಸೀಗೋಡು ನವೋದಯ ಬರುತ್ತದೆ). ಮೊದಲು ಹೆದರಿಕೆ ಬಿಡಿ. ಒಟ್ಟು 80 ಪ್ರಶ್ನೆ, 100 ಅಂಕ, 2 ಗಂಟೆ. ಅದರಲ್ಲಿ ಅಂಕಗಣಿತ 20 ಪ್ರಶ್ನೆ, 25 ಅಂಕ ಅಷ್ಟೇ. ತಪ್ಪಿಗೆ ಅಂಕ ಕಳೆಯುವುದಿಲ್ಲ. ಕನ್ನಡದಲ್ಲೇ ಬರೆಯಬಹುದು. ಆದರೆ ಪರೀಕ್ಷೆ ಇರುವುದು ಕಾಗದದ ಮೇಲೆ, ಓಎಂಆರ್ ಹಾಳೆಯಲ್ಲಿ ಬಾಲ್ ಪೆನ್ನಿಂದ ಗೋಲ ತುಂಬಬೇಕು, ಒಮ್ಮೆ ತುಂಬಿದ ಮೇಲೆ ಬದಲಾಯಿಸುವ ಹಾಗಿಲ್ಲ. ಮೊಬೈಲ್‌ನಲ್ಲಿ ಒತ್ತಿ ಒತ್ತಿ ಅಭ್ಯಾಸವಾದ ಮಗುವಿಗೆ ಇದು ಹೊಸದು ಅನ್ನಿಸುತ್ತದೆ. ಅದಕ್ಕೆ ವಾರಕ್ಕೊಮ್ಮೆಯಾದರೂ ಹಳೇ ಪ್ರಶ್ನೆಪತ್ರಿಕೆ ಝೆರಾಕ್ಸ್ ಮಾಡಿಸಿ, ಗಡಿಯಾರ ಎದುರಿಗಿಟ್ಟು ಬರೆಸಿ.

ಬೇಲೂರಿನಿಂದ, ಪ್ರಾಥಮಿಕ ಶಾಲೆ ಟೀಚರ್: ಸಾಕಾಗುವುದಿಲ್ಲ, ಆದರೆ ತುಂಬಾ ಉಪಯೋಗ ಇದೆ. ಎಲ್ಲಿ ಎಡವುತ್ತಿದ್ದಾಳೆ ಅಂತ ಕಂಡುಹಿಡಿಯಲು ಅದಕ್ಕಿಂತ ಬೇಗದ ದಾರಿ ಇಲ್ಲ. ನೀವು ನೋಡಬೇಕಾದ್ದು ಎಷ್ಟು ಸರಿ ಬಂತು ಅಂತಲ್ಲ, ಯಾವ ತಪ್ಪು ಉತ್ತರ ಆರಿಸಿದಳು ಅಂತ. ಮೊನ್ನೆ ಒಬ್ಬ ಹುಡುಗಿ ಆ್ಯಪ್‌ನಲ್ಲಿ 1/2 + 1/3 ಕ್ಕೆ 2/5 ಒತ್ತಿದಳು. ಕೆಂಪು ಬಂತು, ಪಕ್ಕದಲ್ಲಿ 5/6 ಹಸಿರಾಯಿತು, ತಕ್ಷಣ ಮುಂದಿನ ಲೆಕ್ಕಕ್ಕೆ ಹೋದಳು. ಅಲ್ಲೇ ನಿಲ್ಲಿಸಿ ಕೇಳಿದೆ: 2/5 ಅರ್ಧಕ್ಕಿಂತ ಜಾಸ್ತಿನಾ, ಕಡಿಮೆನಾ? ಕಡಿಮೆ ಅಂದಳು. ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಹೇಗಾಗುತ್ತದೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನೇ ಛೇದ ಸಮ ಮಾಡಲು ಶುರು ಮಾಡಿದಳು. ಈ ಮಾತನ್ನು ಇಂಥ ಆ್ಯಪ್ ಸಾಮಾನ್ಯವಾಗಿ ಕೇಳುವುದಿಲ್ಲ, ಪಕ್ಕದಲ್ಲಿ ಕೂತವರೇ ಕೇಳಬೇಕು, ಅದಕ್ಕೆ ನಿಮಗೆ ಗಣಿತ ಬರಲೇಬೇಕು ಅಂತೇನಿಲ್ಲ, "ಇದು ಹೇಗೆ ಬಂತು?" ಅಂದರೂ ಸಾಕು. ಅಂದಾಜು ಮಾಡುವುದನ್ನೂ ರೂಢಿಸಿ. 398 × 21 ಅಂದರೆ ಹೆಚ್ಚುಕಡಿಮೆ 400 × 21, ಅಂದರೆ 8400. ನಾಲ್ಕು ಆಯ್ಕೆಯಲ್ಲಿ ಸಾಮಾನ್ಯವಾಗಿ ಒಂದೆರಡು ಅಲ್ಲೇ ಬಿದ್ದುಹೋಗುತ್ತವೆ. ಆಮೇಲೆ ಹೆಚ್ಚಾಗಿ ಸೇರಿದ 2 × 21, ಅಂದರೆ 42 ಕಳೆದರೆ 8358.

ಸಕಲೇಶಪುರದಿಂದ: ನಮ್ಮ ಕಡೆ ಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ, ನಿಮಗೆ ಗೊತ್ತಲ್ವಾ. ಅಕ್ಷರ ಫೌಂಡೇಶನ್ನಿನ ಬಿಲ್ಡಿಂಗ್ ಬ್ಲಾಕ್ಸ್ ಆ್ಯಪ್ ಉಚಿತ, ಕನ್ನಡದಲ್ಲಿದೆ, ನೆಟ್ ಇಲ್ಲದೆಯೂ ನಡೆಯುತ್ತದೆ. ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಹಿಡಿದರೆ ಆ ಪಾಠದ್ದೇ ವಿಡಿಯೋ ಬರುತ್ತದೆ, ಸಿಗ್ನಲ್ ಇದ್ದಾಗ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಖಾನ್ ಅಕಾಡೆಮಿ ಕೂಡ ಕನ್ನಡದಲ್ಲಿದೆ. ದುಡ್ಡು ಕೊಟ್ಟು ಇಂಗ್ಲಿಷ್ ಆ್ಯಪ್ ತಗೋಬೇಡಿ ದಯವಿಟ್ಟು. ಲೆಕ್ಕ ಬರುವ ಮಗು ಪ್ರಶ್ನೆ ಅರ್ಥವಾಗದೆ ಸೋಲುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಶೇಕಡ ಕಲಿಸಲು ನಾವು ಕಾಫಿ ಔಟ್‌ಟರ್ನ್ ಹಿಡಿದೆವು, ಅಂದರೆ ಒಣಗಿದ ಕಾಫಿ ಹಣ್ಣಿನಿಂದ (ಚೆರ್ರಿ) ಎಷ್ಟು ಬೀಜ ಸಿಗುತ್ತದೆ ಅನ್ನುವ ಲೆಕ್ಕ. 50 ಕೆಜಿ ಚೆರ್ರಿ ಮೂಟೆಗೆ 26 ಕೆಜಿ ಬೀಜ ಬಂದರೆ ಶೇಕಡ ಎಷ್ಟು? 52 ಅಂತ ಮಗ ಬಾಯಲ್ಲೇ ಹೇಳಿದ. ಮನೆಯಲ್ಲಿ ದಿನಾ ಕೇಳುವ ಮಾತು, ಪುಸ್ತಕದ ಲೆಕ್ಕಕ್ಕಿಂತ ಬೇಗ ಹತ್ತಿತು.

ಮೂಡಿಗೆರೆಯಿಂದ: ತುಂಬಾ ಥ್ಯಾಂಕ್ಸ್. ದಿನಕ್ಕೆ ಎಷ್ಟು ಹೊತ್ತು ಕೂರಿಸುವುದು?

ಬೇಲೂರಿನಿಂದ: ಅರ್ಧ ಗಂಟೆ ಸಾಕು. ಮೊಬೈಲ್ ಪಕ್ಕದಲ್ಲಿ ನೋಟ್‌ಬುಕ್ ಇರಲೇಬೇಕು, ಹಂತಗಳನ್ನು ಅದರಲ್ಲೇ ಬರೆಯಲಿ. ತಪ್ಪಾದ ಲೆಕ್ಕಕ್ಕೆ ಗುರುತು ಹಾಕಿಟ್ಟು ಭಾನುವಾರ ಅವನ್ನೇ ಮತ್ತೆ ಮಾಡಿಸಿ. ಭಿನ್ನರಾಶಿಯಿಂದ ಶುರು ಮಾಡಿ, ನಮ್ಮ ಮಕ್ಕಳು ಜಾಸ್ತಿ ಎಡವುವುದು ಅಲ್ಲೇ.