ರೋಬೋ ಸಾಕರ್ ಬಾಟ್‌ಗೆ ಯಾವ ಬ್ಯಾಟರಿ: ಯುಪಿಎಸ್‌ದು, 18650 ಲಿಥಿಯಂ ಸೆಲ್, ಇಲ್ಲಾ ಲೈಪೋ (ಲಿಥಿಯಂ ಪಾಲಿಮರ್)?

ನಾಲ್ಕು_ಗಾಲಿ:
ತೂಕದ ಮಿತಿ 5 ಕೆಜಿ. 12 ವೋಲ್ಟ್, 300 ಆರ್‌ಪಿಎಂ ಗೇರ್ ಮೋಟರ್ ನಾಲ್ಕು. ಒಂದೊಂದರ ಸ್ಟಾಲ್ ಕರೆಂಟ್ (ತಿರುಗಲಾಗದೆ ಸಿಕ್ಕಿಕೊಂಡಾಗ ಮೋಟರ್ ಎಳೆಯೋದು) 7.5 ಆಂಪ್ ಅಂತ ಡೇಟಾಶೀಟ್‌ನಲ್ಲಿದೆ. ಪಂದ್ಯ 3+3 ನಿಮಿಷ. ಯುಪಿಎಸ್‌ನ 12 ವೋಲ್ಟ್ 7 ಎಎಚ್ ಬ್ಯಾಟರಿ ಕೈಯಲ್ಲಿದೆ. ಅದೇ ಸಾಕಾ?

ಸೋಲ್ಡರ್_ಹೊಗೆ:
ಅದನ್ನ ಬಿಡಿ. ಬ್ಯಾಟರಿಯೊಂದೇ 2 ಕೆಜಿ ದಾಟುತ್ತೆ, ಚಾಸಿಗೆ ಉಳಿಯೋದೇನು?
ಎಎಚ್‌ಗಿಂತ (ಒಟ್ಟು ಎಷ್ಟು ತುಂಬಿರುತ್ತೆ) ಮೊದಲು ಆಂಪ್ (ಒಮ್ಮೆಗೆ ಎಷ್ಟು ಕರೆಂಟ್ ಕೊಡುತ್ತೆ) ನೋಡಿ. ಎದುರಾಳಿಗೆ ತಲೆ ಕೊಟ್ಟು ನಿಂತಾಗ ನಾಲ್ಕೂ ಮೋಟರ್ ಸೇರಿ 30 ಆಂಪ್ ಎಳೀತವೆ. ಸರಾಸರಿ 10 ಆಂಪ್ ಅಂದ್ಕೊಂಡ್ರೆ 6 ನಿಮಿಷಕ್ಕೆ ಖರ್ಚಾಗೋದು 1000 ಎಂಎಎಚ್. 3ಎಸ್ (ಸರಣಿಯಲ್ಲಿ ಮೂರು ಸೆಲ್) 2200 ಎಂಎಎಚ್ 30ಸಿ ಲೈಪೋ ತಗೊಳ್ಳಿ. 30ಸಿ ಅಂದ್ರೆ ಎಎಚ್‌ನ 30 ಪಟ್ಟು ಕರೆಂಟ್, ಲೆಕ್ಕಕ್ಕೆ 66 ಆಂಪ್. ಲೇಬಲ್ ಮೇಲಿನ ಸಿ ರೇಟಿಂಗನ್ನ ನಾನು ಅರ್ಧ ಮಾತ್ರ ನಂಬೋದು, ಆಗಲೂ 33 ಸಿಗುತ್ತೆ. ತೂಕ 200 ಗ್ರಾಂ ಆಸುಪಾಸು.
ಅಂದಹಾಗೆ ಮೋಟರ್ ಡ್ರೈವರ್ (ಮೋಟರ್‌ಗೆ ಕರೆಂಟ್ ಕೊಡೋ ಬೋರ್ಡ್) ಯಾವುದು? ಎಲ್298ಎನ್ ಆದ್ರೆ ಚಾನೆಲ್‌ಗೆ 2 ಆಂಪ್ ಅಷ್ಟೆ, ಮೇಲಾಗಿ 2 ವೋಲ್ಟ್ ಹತ್ತಿರ ಅದೇ ನುಂಗುತ್ತೆ. ಮೊದಲು ಅದನ್ನ ಬದಲಾಯಿಸಿ.

ನಿಕಲ್_ಪಟ್ಟಿ:
18650 ಕೂಡ ಆಗುತ್ತೆ, ಆದ್ರೆ ಹಳೇ ಲ್ಯಾಪ್‌ಟಾಪ್ ಸೆಲ್ ಬೇಡ. 20 ಆಂಪ್ ಕೊಡೋ ಸ್ಯಾಮ್‌ಸಂಗ್ 25ಆರ್ ಥರದ್ದು 6 ಸೆಲ್, 3ಎಸ್2ಪಿ (ಎರಡೆರಡು ಸಮಾಂತರವಾಗಿ, ಅಂಥ ಮೂರು ಜೋಡಿ ಸರಣಿಯಲ್ಲಿ), ಸುಮಾರು 270 ಗ್ರಾಂ. ಸ್ಪಾಟ್ ವೆಲ್ಡ್ ಮಾಡಿಸಿ. ಎಲ್ಲರೂ ಎಡವೋದು ಬಿಎಂಎಸ್‌ನಲ್ಲಿ (ಪ್ಯಾಕನ್ನ ಕಾಯೋ ಬೋರ್ಡ್): 20 ಆಂಪ್‌ದು ಹಾಕಿದ್ರೆ ತಳ್ಳಾಟ ಶುರುವಾಗ್ತಿದ್ದಂಗೆ ಕಟ್ ಆಗಿ ಬಾಟ್ ಅಂಗಳದ ನಡುವೆ ನಿಂತುಬಿಡುತ್ತೆ. 40 ಆಂಪ್‌ದು ಹಾಕಿ.

ಎಕ್ಸ್‌ಟಿ60:
ಲೈಪೋ ಆದ್ರೆ 14 ಗೇಜ್ ಸಿಲಿಕಾನ್ ವೈರ್, ಪಾಸಿಟಿವ್‌ನಲ್ಲಿ 40 ಆಂಪ್ ಫ್ಯೂಸ್. ಬ್ಯಾಲೆನ್ಸ್ ಚಾರ್ಜರ್‌ನಲ್ಲಿ (ಎಲ್ಲಾ ಸೆಲ್ ಸಮ ಮಾಡೋದು) 1ಸಿ, ಅಂದ್ರೆ 2.2 ಆಂಪ್. ಬಝರನ್ನ (ವೋಲ್ಟೇಜ್ ಇಳಿದ್ರೆ ಕೂಗೋದು) ಸೆಲ್‌ಗೆ 3.5 ವೋಲ್ಟ್‌ಗೆ ಸೆಟ್ ಮಾಡಿ. 3ಕ್ಕಿಂತ ಕೆಳಗೆ ಇಳಿದ್ರೆ ಸೆಲ್ ಹಾಳು. ಉಬ್ಬಿದ ಪ್ಯಾಕನ್ನ ಮತ್ತೆ ಚಾರ್ಜ್‌ಗೆ ಹಾಕ್ಲೇಬೇಡಿ. ಪಂದ್ಯ ಇಲ್ಲದಾಗ ಸೆಲ್‌ಗೆ 3.8 ವೋಲ್ಟ್‌ನಲ್ಲಿ ಇಡಿ. ಚಾಸಿಯ ಸ್ಕ್ರೂ ತುದಿ ಪ್ಯಾಕ್ ಕಡೆ ಚಾಚಿರಬಾರದು.
ಇನ್ನೊಂದು: ಸ್ಟಾಲ್ ಆದಾಗ ವೋಲ್ಟೇಜ್ ಕುಸಿದು ರಿಸೀವರ್ ರೀಸೆಟ್ ಆಗುತ್ತೆ, ಜನ ರಿಮೋಟ್‌ಗೆ ಬೈತಾರೆ. ರಿಸೀವರ್‌ಗೆ ಬೇರೆ 5 ವೋಲ್ಟ್ ಬಕ್ ಕನ್ವರ್ಟರ್ (ವೋಲ್ಟೇಜ್ ಇಳಿಸೋ ಬೋರ್ಡ್), ಅದರ ಔಟ್‌ಪುಟ್‌ಗೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ.

ನಾಲ್ಕು_ಗಾಲಿ:
ಸ್ಪೀಡ್‌ಗೋಸ್ಕರ 4ಎಸ್ ಹಾಕ್ಬಹುದಾ?

ಸೋಲ್ಡರ್_ಹೊಗೆ:
ಫುಲ್ ಚಾರ್ಜ್‌ನಲ್ಲಿ 16.8 ವೋಲ್ಟ್. ಸ್ಟಾಲ್ ಕರೆಂಟ್ ಮೋಟರ್‌ಗೆ 10.5 ಆಂಪ್‌ಗೆ ಏರುತ್ತೆ, ನಾಲ್ಕಕ್ಕೆ 42. ನಾವು ಹೇಳಿದ ಫ್ಯೂಸು, ಬಿಎಂಎಸ್ಸು ಎರಡೂ ಸಾಲಲ್ಲ. ರೂಲ್‌ಬುಕ್‌ನಲ್ಲಿ ವೋಲ್ಟೇಜ್ ಮಿತಿ ಎಷ್ಟಿದೆ, ನೋಡಿ ಹೇಳಿ.